ಅಧಾರಿಯ ನೀರು ದೂರದವರಿಗೆ

ಬಹರೈನಿನಲ್ಲಿರುವ ಅಕ್ಕನ ಮನೆಗೆ ಜುಲೈ ತಿಂಗಳಲ್ಲಿ ಹೋದದ್ದೇ ನನ್ನ ತಪ್ಪು. ಮೊದಲ ದಿನವೇ ಸ್ನಾನಕ್ಕೆಂದು ತಣ್ಣೀರಿನ ನಲ್ಲಿ ತಿರುಗಿಸಿ ಅಂಗೈ ಸುಟ್ಟುಕೊಂಡೆ. ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುವಷ್ಟು ಕಾದಿತ್ತು. "ಬಿಸಿನೀರಿನ ನಲ್ಲಿ ತಿರುಗಿಸು ಮಾರಾಯ, ಗೀಸರ್ ಆಫ್ ಮಾಡಿಟ್ಟಿದ್ದೇವೆ, ಒಳಗಿರುವುದರಿಂದ ಅದರ ನೀರೇ ತಣ್ಣಗಿರುವುದು" ಎಂದು ಭಾವ ಹೊರಗಿನಿಂದ ಕೂಗಿದರು. ಬೇಸಿಗೆಯಲ್ಲಿ ಕೊಲ್ಲಿ ದೇಶಗಳಿಗೆ ಹೋಗುವವರು ಇದನ್ನು ಮೊದಲೇ ತಿಳಿದಿರಲಿ. ನನಗೆ ಯಾರೂ ಹೇಳಿರಲಿಲ್ಲ.

ಮಾಲುಗಳಲ್ಲಿ ಕಳೆದ ಮೂರು ದಿನಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಈ ಬಿಸಿಲಿನಲ್ಲೂ ರಸ್ತೆಯ ನಡುವೆ ಹುಲ್ಲು ಬೆಳೆಸುವ ಶೋಕಿ ನನಗೆ ಹಿಡಿಸಲಿಲ್ಲ. ತೂಬ್ಲಿಯ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ತೋಟಗಳಿಗೂ ರಸ್ತೆಬದಿಯ ಗಿಡಗಳಿಗೂ ಹರಿಸುತ್ತಾರೆಂದು ಭಾವ ಹೇಳಿದ ಮೇಲೆ ಮಾತ್ರ ಸ್ವಲ್ಪ ಮೆತ್ತಗಾದೆ.

ನಾಲ್ಕನೆಯ ದಿನ ಬಾರ್ಬಾರ್ ದೇಗುಲಕ್ಕೆ ಹೋದೆವು. 1954ರಲ್ಲಿ ಡೆನ್ಮಾರ್ಕಿನ ಪುರಾತತ್ತ್ವಜ್ಞರು ಅಗೆಯತೊಡಗಿದ ಈ ದಿಬ್ಬದಲ್ಲಿ ಒಂದರ ಮೇಲೊಂದು ಕಟ್ಟಿದ ಮೂರು ದೇಗುಲಗಳಿವೆ. ನೆಲದಡಿಯ ಸಿಹಿನೀರಿನ ದೇವತೆ ಎನ್‌ಕಿಯೊಂದಿಗೆ ಈ ಸ್ಥಳವನ್ನು ವಿದ್ವಾಂಸರು ಜೋಡಿಸುತ್ತಾರೆ. ಬುಗ್ಗೆಯ ಕೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲುಗಳನ್ನು ಕಂಡಾಗ ನಮ್ಮ ಕಡೆಯ ಕಲ್ಯಾಣಿಗಳು ನೆನಪಾದವು.

ಅಲ್ಲಿ ನೆರಳಿನಲ್ಲಿ ಕುಳಿತಿದ್ದ ಒಬ್ಬ ವೃದ್ಧರು ನಾವು ಭಾರತದವರೆಂದು ತಿಳಿದು ಹಿಂದಿಯಲ್ಲೇ ಮಾತಿಗಿಳಿದರು. ಅವರ ತಂದೆ ಮುತ್ತು ತೆಗೆಯಲು ಮುಳುಗುತ್ತಿದ್ದವರಂತೆ. ದೋಣಿಯಲ್ಲಿ ಕುಡಿಯುವ ನೀರು ಮುಗಿದರೆ ಆಡಿನ ಚರ್ಮದ ಚೀಲ ಹಿಡಿದು ಕಡಲ ತಳಕ್ಕಿಳಿದು, ಅಲ್ಲಿ ಚಿಮ್ಮುವ ಬುಗ್ಗೆಗೆ ಅದರ ಬಾಯಿ ಒಡ್ಡಿ ತುಂಬಿಸಿ, ಬಿಗಿಯಾಗಿ ಹಿಡಿದು ಮೇಲೆ ಬರುತ್ತಿದ್ದರಂತೆ. 'ಬಹರೈನ್' ಎಂದರೆ ಎರಡು ಕಡಲು. ಒಂದು ಉಪ್ಪಿನದು, ಇನ್ನೊಂದು ಅದರಡಿಯ ಸಿಹಿಯದು ಎಂದು ಅವರು ಬೆರಳು ಮಡಚಿ ತೋರಿಸಿದರು.

"ಅಧಾರಿ ದೂರದವರಿಗೆ ನೀರುಣಿಸುತ್ತದೆ, ಹತ್ತಿರದವರನ್ನು ಬಿಡುತ್ತದೆ" ಎಂಬುದು ಅಲ್ಲಿನ ಗಾದೆ. ಅಧಾರಿ ಎಂಬ ದೊಡ್ಡ ಬುಗ್ಗೆಯ ನೀರು ಕಾಲುವೆಯಲ್ಲಿ ಇಳಿಜಾರು ಹಿಡಿದು ದೂರದ ಖರ್ಜೂರದ ತೋಟಗಳಿಗೆ ಹೋಗುತ್ತಿತ್ತು, ಪಕ್ಕದ ನೆಲ ಎತ್ತರವಿದ್ದುದರಿಂದ ಅಲ್ಲಿಗೆ ಏರುತ್ತಿರಲಿಲ್ಲ ಎಂದು ಅವರು ವಿವರಿಸಿದರು. ವರ್ಷಕ್ಕೆ ನೂರು ಮಿಲಿಮೀಟರ್ ಮಳೆಯೂ ಬೀಳದ ಈ ದ್ವೀಪಕ್ಕೆ ಸೌದಿ ನೆಲದಡಿಯ ಸುಣ್ಣಕಲ್ಲಿನ ಪದರಗಳಿಂದ ಹರಿದು ಬರುತ್ತಿದ್ದ ನೀರನ್ನು ಪಂಪುಗಳು ಮಿತಿಮೀರಿ ಎಳೆದವು. ಒತ್ತಡ ಕುಸಿಯಿತು, ಉಪ್ಪು ಒಳನುಗ್ಗಿತು, ಬುಗ್ಗೆಗಳು ಬತ್ತಿದವು. ಅಧಾರಿಯ ಸುತ್ತ ಈಗ ಮಕ್ಕಳ ಆಟದ ಪಾರ್ಕಿದೆ. 1975ರಲ್ಲಿ ಸಿತ್ರಾದಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಬಂತು. 1984ರಲ್ಲಿ ರಾಸ್ ಅಬು ಜರ್ಜೂರಿನಲ್ಲಿ ಉಪ್ಪಾದ ಅಂತರ್ಜಲವನ್ನೇ ಸೋಸುವ ಇನ್ನೊಂದು ಬಂತು.

ಹೊರಡುವಾಗ ಅವರು ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟು, ರುಚಿ ಹೇಗಿದೆ ಎಂದು ಕೇಳಿದರು. ರುಚಿಯೇನೂ ಇಲ್ಲ ಎಂದೆ.

"ಅಧಾರಿಯ ನೀರು ಸ್ವಲ್ಪ ಉಪ್ಪುಪ್ಪಾಗಿತ್ತು. ನಾವು ಅದನ್ನೇ ಸಿಹಿ ಎನ್ನುತ್ತಿದ್ದೆವು" ಎಂದರು.