ವೈಪರ್ ವಿ3 ಪ್ರೊ ಪರೀಕ್ಷೆ: ಇಲ್ಲಿಯವರೆಗಿನ ಟಿಪ್ಪಣಿ

ರೇಜರ್ ಕಂಪನಿ 2024ರಲ್ಲಿ ಬಿಟ್ಟ ವೈಪರ್ ವಿ3 ಪ್ರೊ ವೈರ್‌ಲೆಸ್ ಮೌಸ್ ಈಗ ನನ್ನ ಮೇಜಿನ ಮೇಲಿದೆ. ಈ ಮೌಸಿನ ಮೂರು ಅಂಕಿಗಳು ಎಲ್ಲರ ಬಾಯಲ್ಲೂ ಓಡಾಡುತ್ತಿವೆ: ತೂಕ 54 ಗ್ರಾಂ, ಸೆನ್ಸರ್ 35,000 ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಎಷ್ಟು ಎಣಿಕೆ ಕಳುಹಿಸುತ್ತದೆ ಎಂಬುದು), ಪೋಲಿಂಗ್ ರೇಟ್ 8000 ಹರ್ಟ್ಜ್. ಆಡುವಾಗ ಇವುಗಳಲ್ಲಿ ಯಾವುದು ನಿಜವಾಗಿ ಕೈಗೆ ಸಿಗುತ್ತದೆ, ಯಾವುದು ಸಿಗಬೇಕಾದರೆ ಬೇರೆ ಏನೇನು ಸರಿಯಿರಬೇಕು ಎಂದು ಒಂದೊಂದಾಗಿ ಪರೀಕ್ಷಿಸುತ್ತಾ ಬಂದಿದ್ದೇನೆ. ನಾನು ಆಡುವುದು ಹೆಚ್ಚಾಗಿ ಶೂಟರ್ ಆಟ. ಹಿಡಿತ ಕ್ಲಾ ಗ್ರಿಪ್, ಅಂದರೆ ಅಂಗೈಯ ಮಣಿಕಟ್ಟಿನ ಕಡೆಯ ಭಾಗ ಮೌಸಿಗೆ ತಾಗಿರುತ್ತದೆ, ಬೆರಳುಗಳು ಮಡಿಸಿಕೊಂಡಿರುತ್ತವೆ. ಇಲ್ಲಿ ಹೇಳುವುದೆಲ್ಲ ಈ ಹಿಡಿತದಿಂದ ಬಂದ ಮಾತು.

ತೂಕ

ಮೊದಲು ಗಮನಕ್ಕೆ ಬಂದದ್ದು ಹಗುರತನವಲ್ಲ, ನಿಲ್ಲಿಸುವುದು ಎಷ್ಟು ಸಲೀಸು ಎಂಬುದು. ನನ್ನ ಹಳೆಯ ವೈರ್ ಮೌಸ್ ಸುಮಾರು 100 ಗ್ರಾಂ ಇತ್ತು. ಭಾರದ ಮೌಸನ್ನು ಜೋರಾಗಿ ತಿರುಗಿಸಿದರೆ ಗುರಿಯ ಹತ್ತಿರ ಅದನ್ನು ಹಿಡಿದು ನಿಲ್ಲಿಸಲು ಮಣಿಕಟ್ಟು ಶ್ರಮಪಡಬೇಕು. ಆ ಶ್ರಮ ಕೈಗೆ ಎಷ್ಟು ರೂಢಿಯಾಗಿರುತ್ತದೆ ಎಂದರೆ, ಮೌಸ್ ಹಗುರವಾದ ಮೇಲೂ ಕೈ ಅಷ್ಟೇ ಬಲ ಹಾಕುತ್ತದೆ. ಹಾಗಾಗಿ ಶುರುವಿನ ದಿನಗಳಲ್ಲಿ ಗುರಿ ಇಡುವುದನ್ನು ಕಲಿಸುವ ಏಮ್ ಲ್ಯಾಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಅಭ್ಯಾಸ ಮಾಡುವಾಗ ಕ್ರಾಸ್‌ಹೇರ್ (ಪರದೆಯ ಮೇಲಿನ ಗುರಿಚಿಹ್ನೆ) ಗುರಿಯನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಸೆನ್ಸಿಟಿವಿಟಿಯನ್ನು, ಅಂದರೆ ಕೈ ಇಷ್ಟು ಸರಿದರೆ ಆಟದಲ್ಲಿ ನೋಟ ಎಷ್ಟು ತಿರುಗಬೇಕು ಎಂಬ ಅಂಕಿಯನ್ನು, ಬೇಕೆಂದೇ ಮುಟ್ಟಲಿಲ್ಲ. ಮುಟ್ಟಿದ್ದರೆ ಕೈ ಹೊಂದಿಕೊಂಡಿತೋ ಅಂಕಿ ಬದಲಾಗಿದ್ದಕ್ಕೆ ಸರಿಹೋಯಿತೋ ಎಂದು ಬೇರ್ಪಡಿಸಿ ಹೇಳಲು ಆಗುತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಬಲ ತಾನಾಗಿಯೇ ತಗ್ಗಿತು. ಈಗ ಚಿಕ್ಕ ಗುರಿಗಳ ಮೇಲೆ ಕ್ರಾಸ್‌ಹೇರ್ ಕೂರುವ ರೀತಿಯೇ ಬೇರೆ. ಮೂರು ಅಂಕಿಗಳಲ್ಲಿ ನನಗೆ ಅತ್ಯಂತ ನೇರವಾಗಿ ದಕ್ಕಿದ್ದು ಈ 54 ಗ್ರಾಂ.

ಆಕಾರವನ್ನೂ ಇದರ ಜೊತೆಗೇ ಹೇಳಿಬಿಡಬೇಕು. ಉದ್ದ 127 ಮಿಲಿಮೀಟರ್, ಎತ್ತರ ಹತ್ತಿರ ಹತ್ತಿರ 40. ಎಡಬಲ ಒಂದೇ ರೀತಿ ಇದ್ದರೂ ಪಕ್ಕದ ಬಟನ್‌ಗಳು ಎಡಬದಿಯಲ್ಲಿ ಮಾತ್ರ ಇರುವುದರಿಂದ ಇದು ಬಲಗೈಯವರ ಮೌಸ್. ಬೆನ್ನು ಎತ್ತರವಾಗಿರುವುದರಿಂದ ಕ್ಲಾ ಹಿಡಿತದಲ್ಲಿ ಅಂಗೈಗೆ ಒಳ್ಳೆಯ ಆನಿಕೆ ಸಿಗುತ್ತದೆ. ಬರೀ ಬೆರಳ ತುದಿಯಲ್ಲಿ ಮೌಸ್ ಆಡಿಸುವವರು ಕೊಳ್ಳುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು.

ಡಿಪಿಐ ಅಳತೆ

35,000 ಡಿಪಿಐಯನ್ನು ಯಾರೂ ಬಳಸುವುದಿಲ್ಲ. ಅಲ್ಲಿ ಮೌಸ್ ಒಂದು ಇಂಚು ಸರಿದರೆ 35,000 ಎಣಿಕೆ. ಕೈ ಸ್ವಲ್ಪ ನಡುಗಿದರೂ ಪಾಯಿಂಟರ್ ಪರದೆಯ ಆಚೆ. ತಿಳಿಯಬೇಕಾದದ್ದು ಇಷ್ಟೇ: 800 ಎಂದು ಇಟ್ಟರೆ ಅದು ನಿಜಕ್ಕೂ 800 ಇದೆಯೇ?

ಇದನ್ನು ನೋಡಲು ಮೌಸ್‌ಟೆಸ್ಟರ್ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ಬಳಸಿದೆ. ಪ್ಯಾಡ್ ಮೇಲೆ ಉಕ್ಕಿನ ಸ್ಕೇಲನ್ನು ಟೇಪಿನಿಂದ ಅಂಟಿಸಿ, ಅದರ ಅಂಚಿಗೆ ಮೌಸಿನ ಬದಿಯನ್ನು ಒತ್ತಿ ಹಿಡಿದು, ಸರಿಯಾಗಿ 10 ಸೆಂಟಿಮೀಟರ್ ಎಳೆಯುವುದು. ಹತ್ತು ಸೆಂಟಿಮೀಟರ್ ಎಂದರೆ 3.937 ಇಂಚು, 800ರಿಂದ ಗುಣಿಸಿದರೆ ಸುಮಾರು 3150 ಎಣಿಕೆ ಬರಬೇಕು. ಎಳೆದದ್ದು ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಲೆಕ್ಕ ಶೇಕಡಾ ಒಂದರಷ್ಟು ತಪ್ಪುತ್ತದೆ. ಅದಕ್ಕೇ ಎರಡೂ ತುದಿಗೆ ಗಟ್ಟಿಯಾದ ತಡೆ ಇಟ್ಟುಕೊಂಡೆ. ನಿಧಾನವಾಗಿ ಎಳೆದರೂ ರಭಸವಾಗಿ ಎಳೆದರೂ ಎಣಿಕೆ 3150ರ ಆಸುಪಾಸಿನಲ್ಲೇ ಬಂತು. ವೇಗ ಬದಲಾದರೂ ಎಣಿಕೆ ಕದಲಲಿಲ್ಲವಲ್ಲ, ಸೆನ್ಸರ್ ಬಗ್ಗೆ ನನಗೆ ಸಮಾಧಾನ ತಂದದ್ದು ಅದು. ಹಳೆಯ ಮೌಸಿನಿಂದ ಹೊಸದಕ್ಕೆ ಬಂದವರು ‘ಸೆನ್ಸಿಟಿವಿಟಿ ಅದೇ ಇದ್ದರೂ ಬೇರೆ ಅನ್ನಿಸುತ್ತಿದೆ’ ಎನ್ನುವಾಗ ಮೊದಲು ಮಾಡಬೇಕಾದ ಪರೀಕ್ಷೆಯೂ ಇದೇ. ಎರಡು ಮೌಸಿನ 800 ಒಂದೇ ಆಗಿರಬೇಕೆಂದೇನಿಲ್ಲ.

ಮೌಸ್ ಎತ್ತಿದಾಗ ಸೆನ್ಸರ್ ಎಷ್ಟು ಎತ್ತರದಲ್ಲಿ ಓದುವುದನ್ನು ನಿಲ್ಲಿಸುತ್ತದೆ ಎಂಬುದಕ್ಕೆ ಹಳೆಯ ಸಿ.ಡಿ.ಗಳು ಸಾಕು. ಒಂದು ಸಿ.ಡಿ. 1.2 ಮಿಲಿಮೀಟರ್ ದಪ್ಪ. ಮೌಸಿನ ಮುಂದೊಂದು ಹಿಂದೊಂದು ಇಟ್ಟು, ಸೆನ್ಸರಿನ ಕೆಳಗೆ ಪ್ಯಾಡ್ ಕಾಣುವಷ್ಟು ಜಾಗ ಬಿಟ್ಟು ಆಡಿಸಬೇಕು. ಅತಿ ಕಡಿಮೆ ಸೆಟ್ಟಿಂಗಿನಲ್ಲಿ ಪಾಯಿಂಟರ್ ಅಲುಗಾಡಲಿಲ್ಲ. ಕಡಿಮೆ ಸೆನ್ಸಿಟಿವಿಟಿಯಲ್ಲಿ ಆಡುತ್ತಾ ಪದೇ ಪದೇ ಮೌಸ್ ಎತ್ತಿ ಇಡುವವರಿಗೆ ಇದು ತುಂಬ ಮುಖ್ಯ.

8000 ಹರ್ಟ್ಜ್

ನನ್ನ ಹೆಚ್ಚಿನ ಸಮಯ ಹೋದದ್ದು ಇಲ್ಲಿ.

ಪೋಲಿಂಗ್ ರೇಟ್ ಎಂದರೆ ಕಂಪ್ಯೂಟರ್ ಸೆಕೆಂಡಿಗೆ ಎಷ್ಟು ಸಲ ಮೌಸಿನಿಂದ ಹೊಸ ಮಾಹಿತಿ ಕೇಳುತ್ತದೆ ಎಂಬುದು. ಸಾದಾ ಮೌಸ್‌ಗಳಲ್ಲಿ 125, ಅಂದರೆ 8 ಮಿಲಿಸೆಕೆಂಡಿಗೆ ಒಮ್ಮೆ. ಫುಲ್ ಸ್ಪೀಡ್ ಎಂಬ, ಹೈ ಸ್ಪೀಡ್‌ಗಿಂತ ನಿಧಾನದ ಯು.ಎಸ್.ಬಿ. ಬಗೆಯ ಮಿತಿ 1 ಮಿಲಿಸೆಕೆಂಡ್. ಗೇಮಿಂಗ್ ಮೌಸ್‌ಗಳು ವರ್ಷಗಟ್ಟಲೆ 1000ದಲ್ಲೇ ನಿಂತಿದ್ದು ಇದರಿಂದ. ಹೈ ಸ್ಪೀಡ್ ಯು.ಎಸ್.ಬಿ.ಯಲ್ಲಿ ಅದೇ ಕಾಲ 125 ಮೈಕ್ರೊಸೆಕೆಂಡಿನ ಎಂಟು ತುಣುಕಾಗುತ್ತದೆ. 8000 ಎಂಬ ಅಂಕಿ ಬಂದದ್ದು ಅಲ್ಲಿಂದ.

ಇದರಿಂದ ಉಳಿಯುವ ಸಮಯ ಎಷ್ಟು? 1000 ಹರ್ಟ್ಜ್‌ನಲ್ಲಿ ಒಂದು ಚಲನೆ ಸರಾಸರಿ ಅರ್ಧ ಮಿಲಿಸೆಕೆಂಡ್ ಕಾಯುತ್ತದೆ. 8000ದಲ್ಲಿ 0.06. ಉಳಿತಾಯ ಅರ್ಧ ಮಿಲಿಸೆಕೆಂಡಿಗೂ ಕಡಿಮೆ. 240 ಹರ್ಟ್ಜ್ ಮಾನಿಟರಿನಲ್ಲಿ ಒಂದು ಫ್ರೇಮ್ ನಿಲ್ಲುವುದೇ 4.17 ಮಿಲಿಸೆಕೆಂಡ್. ಹಾಗಾಗಿ ಕಾಯುವಿಕೆ ಕಡಿಮೆಯಾದದ್ದು ನನ್ನ ಕಣ್ಣಿಗೆ ಕಾಣುತ್ತದೆ ಎಂದು ಹೇಳಲಾರೆ. ಪಾಯಿಂಟರಿನ ಚಲನೆ ನುಣುಪಾಗುವುದು ಮಾತ್ರ ವೇಗದ ಮಾನಿಟರಿನಲ್ಲಿ ಗೊತ್ತಾಗುತ್ತದೆ, ಅದೂ ಗಮನವಿಟ್ಟು ನೋಡಿದರೆ.

ಆದರೆ ಅದಕ್ಕೂ ಒಂದು ಷರತ್ತಿದೆ. ಈ ಮೌಸ್ ಕೊಳ್ಳುವವರಿಗೆಲ್ಲ ಇದನ್ನು ಕೂರಿಸಿಕೊಂಡು ಹೇಳಬೇಕು ಅನ್ನಿಸುತ್ತದೆ. ಕಂಪ್ಯೂಟರ್ ಕೇಳಿದಾಗ ಮೌಸಿನ ಹತ್ತಿರ ಹೇಳಲು ಹೊಸದೇನಾದರೂ ಇರಬೇಕಲ್ಲ? 800 ಡಿಪಿಐಯಲ್ಲಿ ಕೈ ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ ಸರಿದರೆ ಹುಟ್ಟುವುದು ಸೆಕೆಂಡಿಗೆ ಸುಮಾರು 1575 ಎಣಿಕೆ. ಕಂಪ್ಯೂಟರ್ 8000 ಸಲ ಕೇಳುತ್ತದೆ. ಐದರಲ್ಲಿ ನಾಲ್ಕು ಸಲ ಕೊಡಲು ಹೊಸದೇನೂ ಇರುವುದಿಲ್ಲ. ಎಲ್ಲ 8000 ಸಲವೂ ಹೊಸ ಎಣಿಕೆ ಬರಬೇಕಾದರೆ 800 ಡಿಪಿಐಯಲ್ಲಿ ಕೈ ಸೆಕೆಂಡಿಗೆ 10 ಇಂಚು, ಅಂದರೆ 25.4 ಸೆಂಟಿಮೀಟರ್ ಓಡಬೇಕು. ದೊಡ್ಡ ತಿರುವಿನಲ್ಲಿ ಆ ವೇಗ ಬಂದೀತು. ಆಟದಲ್ಲಿ ಎದುರಾಳಿಯ ತಲೆಯಷ್ಟು ಚಿಕ್ಕ ಗುರಿಯನ್ನು ಹಿಂಬಾಲಿಸುವಾಗ ಬರುವುದಿಲ್ಲ, ಮತ್ತು ಸೂಕ್ಷ್ಮತೆ ಬೇಕಾದದ್ದು ಅಲ್ಲೇ. ಮೌಸ್‌ಟೆಸ್ಟರಿನ ಗ್ರಾಫಿನಲ್ಲಿ ಇದು ನೇರವಾಗಿ ಕಾಣುತ್ತದೆ: 800 ಡಿಪಿಐಯಲ್ಲಿ ನಿಧಾನವಾಗಿ ಎಳೆದಾಗ ಚುಕ್ಕೆಗಳು ಚದುರಿ ನಿಂತಿದ್ದವು, 3200ಕ್ಕೆ ಏರಿಸಿ ಅದೇ ವೇಗದಲ್ಲಿ ಎಳೆದಾಗ ಒತ್ತೊತ್ತಾಗಿ ಸಾಲುಗಟ್ಟಿದವು.

ಆದ್ದರಿಂದ 8000 ಬೇಕೆನ್ನುವವರು ಡಿಪಿಐಯನ್ನೂ ಏರಿಸಬೇಕು. 800ರಿಂದ 3200ಕ್ಕೆ ಹೋದರೆ ಆಟದೊಳಗಿನ ಸೆನ್ಸಿಟಿವಿಟಿಯನ್ನು ಕಾಲುಭಾಗಕ್ಕೆ ಇಳಿಸಿ, ಒಟ್ಟು ವೇಗ ಹಾಗೇ ಉಳಿಯುತ್ತದೆ. ಜೊತೆಗೆ ಪ್ರೊಸೆಸರ್ ಮೇಲೆ ಬೀಳುವ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಷ್ಟೊಂದು ಮಾಹಿತಿಯನ್ನು ಸರಿಯಾಗಿ ನಿಭಾಯಿಸಲಾಗದ ಹಳೆಯ ಆಟಗಳಲ್ಲಿ ಫ್ರೇಮ್ ತಡವರಿಸುತ್ತದೆ. ಹಾಗಾದಾಗ ಗಳಿಸಿದ ಅರ್ಧ ಮಿಲಿಸೆಕೆಂಡಿಗಿಂತ ಕಳೆದುಕೊಂಡದ್ದೇ ಜಾಸ್ತಿ.

ಬ್ಯಾಟರಿಯ ಅಂಕಿಯನ್ನು ಕಂಪನಿಯೇ ಮುಚ್ಚುಮರೆಯಿಲ್ಲದೆ ಕೊಟ್ಟಿದೆ: 1000 ಹರ್ಟ್ಜ್‌ನಲ್ಲಿ 95 ಗಂಟೆಯವರೆಗೆ, 8000ದಲ್ಲಿ 17 ಗಂಟೆಯವರೆಗೆ.

ಡಾಂಗಲ್ ಎಲ್ಲಿರಬೇಕು

ವೈರ್‌ಲೆಸ್ ಮೌಸ್ ನಂಬಿಕಸ್ತ ಅಲ್ಲ ಎಂಬ ದೂರು ಈಗಲೂ ಕೇಳಿಬರುತ್ತದೆ. ಅನೇಕ ಸಲ ಅದರ ಮೂಲ ಮೌಸ್ ಅಲ್ಲ, ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ಮೌಸಿನ ಸಂಕೇತ ಹಿಡಿಯುವ ಪುಟ್ಟ ಸಾಧನ) ಇರುವ ಜಾಗ. ಈ ಮೌಸ್‌ಗಳು ಮಾತಾಡುವುದು 2.4 ಗಿಗಾಹರ್ಟ್ಜ್‌ನಲ್ಲಿ. ಯು.ಎಸ್.ಬಿ. 3.0 ಸಂಪರ್ಕ ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲ ಅದೇ ತರಂಗಪಟ್ಟಿಗೂ ಹರಡುತ್ತದೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ವಿವರವಾದ ವರದಿ ಹೊರತಂದಿತ್ತು.

ನಾನು ಡಾಂಗಲನ್ನು ಕಂಪ್ಯೂಟರಿನ ಹಿಂಬದಿಯಲ್ಲಿ, ಹೊರಗಿನ ಡ್ರೈವ್ ಹಾಕಿದ ಪೋರ್ಟಿನ ಪಕ್ಕದಲ್ಲೇ ಸಿಕ್ಕಿಸಿ, ಆ ಡ್ರೈವಿಗೆ ದೊಡ್ಡ ಫೈಲುಗಳನ್ನು ಕಾಪಿಗೆ ಹಾಕಿ ಅಳೆದೆ. ಒಂದು ಮಾಹಿತಿಗೂ ಮುಂದಿನದಕ್ಕೂ ನಡುವಿನ ಸಮಯವನ್ನು ತೋರಿಸುವ, ಒಂದೇ ಗೆರೆಯಂತಿದ್ದ ಗ್ರಾಫಿನಲ್ಲಿ ಅಲ್ಲಲ್ಲಿ ಚುಕ್ಕೆಗಳು ಮೇಲಕ್ಕೆ ಹಾರತೊಡಗಿದವು. ಪ್ರತಿಯೊಂದು ಹಾರಿದ ಚುಕ್ಕೆಯೂ ತಡವಾಗಿ ಬಂದ ಒಂದು ಮಾಹಿತಿ. ಮೌಸ್ ಜೊತೆ ಬಂದ ಕೇಬಲಿನಲ್ಲಿ ಡಾಂಗಲನ್ನು ಪ್ಯಾಡಿನ ಅಂಚಿಗೆ ತಂದಿಟ್ಟಾಗ, ಕಾಪಿ ಇನ್ನೂ ನಡೆಯುತ್ತಿದ್ದರೂ ಗೆರೆ ಮತ್ತೆ ನೇರವಾಯಿತು. ಕ್ರಮ ತಪ್ಪಿ ಬರುವ 8000ಕ್ಕಿಂತ ತಾಳ ತಪ್ಪದೆ ಬರುವ 1000 ಎಷ್ಟೋ ಮೇಲು. ಗುರಿ ಇಡುವಾಗ ಕೈ ನಂಬಿಕೊಂಡಿರುವುದು ಆ ಒಂದೇ ಸಮನಾದ ಬರುವಿಕೆಯನ್ನು.

ಕ್ಲಿಕ್

ಇಲ್ಲಿರುವುದು ಆಪ್ಟಿಕಲ್ ಸ್ವಿಚ್. ಮಾಮೂಲಿ ಸ್ವಿಚ್ಚಿನಲ್ಲಿ ಲೋಹದ ಎಲೆ ಇನ್ನೊಂದು ಲೋಹಕ್ಕೆ ಬಡಿದು ಕ್ಷಣಕಾಲ ಪುಟಿಯುತ್ತದೆ. ಒಂದೇ ಒತ್ತು ಹಲವು ಒತ್ತಾಗಿ ಕಾಣದಿರಲಿ ಎಂದು ಫರ್ಮ್‌ವೇರ್ (ಮೌಸಿನೊಳಗಿನ ಸಾಫ್ಟ್‌ವೇರ್) ಸ್ವಲ್ಪ ಕಾಯಿಸಬೇಕಾಗುತ್ತದೆ. ಲೋಹ ಸವೆದ ಮೇಲೆ ಒಂದು ಒತ್ತಿಗೆ ಎರಡು ಕ್ಲಿಕ್ ಬೀಳುವ ಕಾಯಿಲೆ ಬರುವುದೂ ಆ ಪುಟಿತದಿಂದ. ಆಪ್ಟಿಕಲ್‌ನಲ್ಲಿ ಬಟನ್ ಒತ್ತಿದಾಗ ಬೆಳಕಿನ ಕಿರಣದ ಸ್ಥಿತಿ ಬದಲಾಗುತ್ತದೆ, ಅಷ್ಟೇ. ಪುಟಿತವಿಲ್ಲ, ಕಾಯಿಸುವ ಅಗತ್ಯವೂ ಇಲ್ಲ. ಒತ್ತಿದಾಗ ಸದ್ದು ಚುರುಕಾಗಿದೆ, ಬಟನ್ ಸರಿಯಾಗಿ ಹಿಂದಿರುಗುತ್ತದೆ. ಪಿಸ್ತೂಲಿನಲ್ಲಿ ಬೇಗಬೇಗ ಹೊಡೆಯುವಾಗ ಬೆರಳಿಗೆ ಇದು ಬಹಳ ಹಿಡಿಸಿತು.

ಸದ್ಯದ ಸೆಟ್ಟಿಂಗ್

1600 ಡಿಪಿಐ, 2000 ಹರ್ಟ್ಜ್. ಈ ಜೋಡಿಯಲ್ಲಿ ಕೈ ಸೆಕೆಂಡಿಗೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿದರೆ ಸಾಕು, ಪ್ರತಿ ಸಲವೂ ಹೊಸ ಎಣಿಕೆ ಹೋಗುತ್ತದೆ. ಚಿಕ್ಕ ಗುರಿಯ ಮೇಲೆ ನನ್ನ ಕೈ ಓಡುವ ವೇಗಕ್ಕೆ ಇದು ಹೊಂದುತ್ತದೆ. ಆಟಗಳಲ್ಲಿ ತಡವರಿಕೆ ಕಂಡಿಲ್ಲ, ಚಾರ್ಜಿನ ಚಿಂತೆಯೂ ದಿನಾ ಇಲ್ಲ. 8000ವನ್ನು ಹೊಸ ಆಟಗಳಿಗೆ ಬೇರೆ ಪ್ರೊಫೈಲಿನಲ್ಲಿ, 3200 ಡಿಪಿಐ ಜೊತೆ ಇಟ್ಟುಕೊಂಡಿದ್ದೇನೆ.

ಬಾಕಿ ಇರುವುದು ತಳದ ಪಿ.ಟಿ.ಎಫ್.ಇ. (ಸಲೀಸಾಗಿ ಜಾರುವ ಪ್ಲಾಸ್ಟಿಕ್) ಪಾದಗಳು. ಬಟ್ಟೆಯ ಪ್ಯಾಡ್ ಮೇಲೆ ಅವು ಸವೆದಂತೆ ಜಾರುವ ಹದ ಬದಲಾಗುತ್ತದೆ, ಮೌಸ್ ಪ್ಯಾಡಿಗೆ ಕೂದಲೆಳೆಯಷ್ಟು ಹತ್ತಿರವೂ ಆಗುತ್ತದೆ. ಸವೆತ ಕಣ್ಣಿಗೆ ಕಂಡ ಮೇಲೆ ಸ್ಕೇಲ್ ಮತ್ತು ಸಿ.ಡಿ. ಪರೀಕ್ಷೆಗಳನ್ನು ಇದೇ ಪ್ಯಾಡ್ ಮೇಲೆ ಇನ್ನೊಮ್ಮೆ ನಡೆಸಿ, ಈಗಿನ ಎಣಿಕೆಯ ಪಕ್ಕದಲ್ಲಿ ಬರೆಯುತ್ತೇನೆ.