ಪಕ್ಕದ ಮನೆಯ ಆದ್ಯ ಕುರ್ಬಾನ

ಪಕ್ಕದ ರಬ್ಬರ್ ತೋಟದ ಮಲಯಾಳಿ ಚೇಟ್ಟ (ಅಣ್ಣ) ತಮ್ಮ ಮಗನ ‘ಆದ್ಯ ಕುರ್ಬಾನ’ಕ್ಕೆ ಕಾರ್ಡು ಕೊಟ್ಟು ಹೋದರು. ನನ್ನ ಹೆಂಡತಿಗೆ ಅನುಮಾನ. “ಕುರ್ಬಾನಿ ಬಕ್ರೀದಿಗೆ ಅಲ್ವಾ? ಇವರು ಕುರಿ ಕಡೀತಾರಾ?”

ಬೆಳ್ತಂಗಡಿ ಕಡೆ ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕ್ರೈಸ್ತರು ತುಂಬ ಇದ್ದಾರೆ. 1999ರಲ್ಲಿ ಅವರಿಗೆಂದೇ ಇಲ್ಲಿ ಬೇರೆ ಧರ್ಮಪ್ರಾಂತ್ಯವೂ ಆಯಿತು. ಇಗರ್ಜಿಯಲ್ಲಿ ನಡೆಯುವ ಪೂಜೆ ಮಂಗಳೂರಿನ ಕೊಂಕಣಿಯವರಿಗೆ ‘ಮೀಸ್’, ಕನ್ನಡದವರಿಗೆ ‘ಬಲಿಪೂಜೆ’, ಇವರಿಗೆ ‘ಕುರ್ಬಾನ’. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯ ಪದ ಅದು.

ಇಗರ್ಜಿಯಲ್ಲಿ ಚೇಟ್ಟನ ತಾಯಿಯ ಪಕ್ಕ ಜಾಗ ಸಿಕ್ಕಿತು. ಅಮ್ಮಚ್ಚಿ ಮದುವೆಯಾಗಿ ಕೇರಳದ ಪಾಲಾ ಕಡೆಯಿಂದ ಈ ಕಾಡಿಗೆ ಬಂದವರು. ಬಿಳಿ ಬಟ್ಟೆಯ ಮಕ್ಕಳು ಸಾಲಾಗಿ ಹೋಗಿ ಮೊದಲ ಸಲ ಓಸ್ತಿ, ಅಂದರೆ ಪೂಜೆಯ ರೊಟ್ಟಿ, ತಿಂದರು. ಕಡಿಯುವುದು, ರಕ್ತ ಏನೂ ಇಲ್ಲ, ರೊಟ್ಟಿ ಮತ್ತು ದ್ರಾಕ್ಷಾರಸ ಅಷ್ಟೇ. “ಕುರ್ಬಾನ ಅಂದ್ರೆ ಹತ್ತಿರ ಬರೋದು ಮೋನೆ, ಇಗರ್ಜಿಯ ಅಚ್ಚನ್ ಹೇಳಿದ್ದು,” ಎಂದರು ಅಮ್ಮಚ್ಚಿ. ಸರಿಯೇ. ಹಿಂದಿ ಹಾಡುಗಳ ‘ಕರೀಬ್’ ಕೂಡ ಅದೇ ಬೇರಿನದು. ತಮಾಷೆ ಅಂದರೆ, ಪೂಜೆ ನಡೆಯುವ ಜಾಗಕ್ಕೆ ಇವರು ‘ಮದ್ಬಹಾ’ ಅನ್ನುತ್ತಾರೆ. ಕಡಿಯುವ ಅರ್ಥ ಇರೋದು ಆ ಪದದಲ್ಲಿ!

ನನಗೇನೂ ಇದು ವಿಚಿತ್ರ ಅನ್ನಿಸಲಿಲ್ಲ. ನಮ್ಮ ಜಾತ್ರೆಯಲ್ಲೂ ದೇವರು ‘ಬಲಿ ಹೊರಡುವುದು’ ಅಂದರೆ ಭಟ್ಟರು ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಅಂಗಳಕ್ಕೆ ಸುತ್ತು ಬರುವುದು. ಅಲ್ಲಿ ಯಾರು ಕೋಳಿ ಕೊಯ್ಯುತ್ತಾರೆ?

1962ರವರೆಗೆ ಪೂಜೆಯೆಲ್ಲ ಸಿರಿಯಾಕಿನಲ್ಲೇ ಇತ್ತಂತೆ. ಅದೂ ಅರಾಮಿಕ್‌ನ ಒಂದು ರೂಪವೇ. ಅಮ್ಮಚ್ಚಿಗೆ ಆಗ ಕಲಿತ ಹಾಡು ಈಗಲೂ ಬಾಯಿಪಾಠ, ಅರ್ಥ ಮಾತ್ರ ಗೊತ್ತಿಲ್ಲ. “ಮಲಯಾಳಂ ಬಂದ ಮೇಲೆ ಎಲ್ಲಾ ಅರ್ಥ ಆಯ್ತು. ನಿದ್ದೆ ಬರೋದೂ ಶುರುವಾಯ್ತು.”

ಊಟಕ್ಕೆ ಕೂತಾಗ ಅಮ್ಮಚ್ಚಿಯೇ ಬೈಬಲ್ಲಿನ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯ ತೆಗೆದರು. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು ‘ಇದು ಕೊರ್ಬಾನ್, ದೇವರಿಗೆ ಮುಡಿಪು’ ಅಂತ ಹೇಳಿ ಕೈ ತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಗದರಿಸುತ್ತಾನೆ. ಹತ್ತಿರ ತರುವ ಪದವನ್ನೇ ಹೆತ್ತವರನ್ನು ದೂರ ಇಡೋದಕ್ಕೆ ಬಳಸುವುದು! ಹಾಗೆ ಹೇಳುವಾಗ ಅಮ್ಮಚ್ಚಿಯ ಕಣ್ಣು ಹೊಸ ಪ್ರಾರ್ಥನಾ ಮಂದಿರಕ್ಕೆ ದುಡ್ಡು ಕೊಟ್ಟ ದೊಡ್ಡ ಮಗನ ಮೇಲಿತ್ತು.

ನಾನೂ ಓದಿದ್ದೊಂದು ಹೇಳಿದೆ. ಜೆರುಸಲೇಮಿನ ಹತ್ತಿರ ಗೋರಿಯೊಂದರಲ್ಲಿ ಸುಮಾರು 2000 ವರ್ಷ ಹಳೆಯ ಅಸ್ಥಿಪೆಟ್ಟಿಗೆ ಸಿಕ್ಕಿದೆ. ಅದರ ಮುಚ್ಚಳದ ಮೇಲಿನ ಅರಾಮಿಕ್ ಬರಹದ ತಾತ್ಪರ್ಯ ಇಷ್ಟು: ಇದರೊಳಗೆ ನಿಮಗೆ ಉಪಯೋಗದ್ದು ಏನೇ ಸಿಕ್ಕರೂ ಅದು ಒಳಗಿರುವವನಿಂದ ದೇವರಿಗೆ ಕೊರ್ಬಾನ್. ಕಳ್ಳರು ಮುಟ್ಟದಿರಲಿ ಅಂತ.

“ಹಾಗಾದ್ರೆ ನನ್ನ ಕಪಾಟಿನ ಮೇಲೂ ಅದನ್ನೇ ಬರೆಸ್ತೇನೆ,” ಎಂದರು ಅಮ್ಮಚ್ಚಿ, ಸ್ವಲ್ಪ ಗಟ್ಟಿಯಾಗಿಯೇ. ಇಬ್ಬರು ಸೊಸೆಯಂದಿರೂ ನಕ್ಕರು. ದೊಡ್ಡ ಮಗ ಪಾಯಸದ ಬಕೆಟ್ ಎತ್ತಿಕೊಂಡು ಆಚೆ ಪಂಕ್ತಿಗೆ ಹೋದರು.