ಹೇಳಬಾರದ ರೇಟು

ಫ್ಲ್ಯಾಟಿನಲ್ಲಿರುವವರಿಗೆ ಬಾಳೆಕಂದು ಯಾವಾಗಲೂ ಉದ್ದವೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ರಸ್ತೆ ಬದಿಯಿಂದ ಜೋಡಿ ಕಂದು ತರುತ್ತೇವೆ, ಕಲಶದ ಎರಡೂ ಪಕ್ಕ ನಿಲ್ಲಿಸಿದರೆ ಎಲೆ ಫ್ಯಾನಿಗೆ ತಾಗುತ್ತದೆ, ಬುಡದಿಂದ ಒಂದಡಿ ಕತ್ತರಿಸುತ್ತೇವೆ, ಆ ಬುಡ ಕಸಕ್ಕೆ. ಈ ಸಲ ಎಸೆಯಲಿಲ್ಲ. ನಾಲ್ಕು ಬೆರಳೆತ್ತರದ ತುಂಡು ಮಾಡಿ, ಅಲ್ಲಾಡದೆ ಕೂರುವ ಹಾಗೆ ಅಡಿ ಸಮ ಮಾಡಿ, ಊಟದ ಮೇಜಿನ ಮಧ್ಯೆ ಇಟ್ಟೆ. ಸದಾ ಬಿಪಿ ಮಾತ್ರೆ, ಕರೆಂಟ್ ಬಿಲ್ಲು, ಉಪ್ಪಿನಕಾಯಿ ಬಾಟಲಿ ಇರುವ ಜಾಗ ಅದು. ಹಬ್ಬಕ್ಕಾದರೂ ಅವುಗಳಿಗೆ ರಜೆ ಬೇಡವಾ?

ಹೂವಿನ ರೇಟು ಗೊತ್ತಲ್ವಾ. ಶ್ರಾವಣದ ಶುಕ್ರವಾರ ಬಂತೆಂದರೆ ಕನಕಾಂಬರ ಕೆಜಿಗೆ ಸಾವಿರಗಳ ಲೆಕ್ಕ. ಲಕ್ಷ್ಮಿಗೆ ಬೇಕಾದಷ್ಟು ತಂದೆ, ಮೇಜಿಗೆ ಚೆಂಡುಹೂವೇ ಸಾಕು ಅಂದುಕೊಂಡೆ. ಅರ್ಧ ಕೆಜಿ, 60 ರೂಪಾಯಿ. ಚೆಂಡುಹೂವನ್ನು ಮುಡಿಯುವವರು ಕಡಿಮೆ, ಅದಕ್ಕೇ ಏನೋ ಮರ್ಯಾದೆಯೂ ಕಡಿಮೆ. ಆದರೆ ಗಟ್ಟಿ ಜೀವ ಅದರದ್ದು. ಮಲ್ಲಿಗೆ ರಾತ್ರಿಯೊಳಗೆ ಬಾಡುತ್ತದೆ, ಇದು ಮಾರನೇ ದಿನವೂ ನಗುತ್ತಿರುತ್ತದೆ. ತೆಂಗಿನ ಕಡ್ಡಿಗೆ ಒಂದೊಂದೇ ಹೂವು ಸಿಕ್ಕಿಸಿ ಬಾಳೆಬುಡಕ್ಕೆ ಚುಚ್ಚುತ್ತಾ ಹೋದೆ. (ಕಡ್ಡಿ ಹೊಸ ಪೊರಕೆಯದು. ಇದನ್ನು ಮನೆಯಲ್ಲಿ ಹಿರಿಯರಿಗೆ ಹೇಳಿಲ್ಲ.) ನಡುವೆ ಅಲ್ಲಲ್ಲಿ ತೊಟ್ಟು ಸಮೇತ ವೀಳ್ಯದೆಲೆ, ಮಾವಿನ ಎಲೆ. ಒಂದು ತುಂಡಿನ ನಡುವನ್ನು ಚಮಚದಲ್ಲಿ ಕೆರೆದು ಮಣ್ಣಿನ ಹಣತೆ ಕೂರಿಸಿದೆ. ಕೆಳಗೆ ಸ್ಟೀಲ್ ತಟ್ಟೆ ಬೇಕೇ ಬೇಕು, ಬಾಳೆಯ ಕರೆ ಬಟ್ಟೆಗೆ ಹತ್ತಿದರೆ ಜನ್ಮದಲ್ಲಿ ಹೋಗುವುದಿಲ್ಲ.

ಬಾಳೆಬುಡದಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿ ನೀರೇ. ಹಾಗಾಗಿ ತೊಟ್ಟು ಸಮೇತ ಎಲೆ, ಹೂವು ಚುಚ್ಚಿದರೆ ತಂಪಾಗಿಯೇ ಇರುತ್ತವೆ. ಡೆಕೊರೇಟರ್‌ಗಳು ಹೂವು ಚುಚ್ಚಲು ಬಳಸುವ ಹಸಿರು ಸ್ಪಂಜು ನೋಡಿರುತ್ತೀರಿ. 1954ರಲ್ಲಿ ಅಮೆರಿಕದ ಒಹಾಯೊದಲ್ಲಿ ಶುರುವಾದದ್ದು. ಹಸಿರು ಬಣ್ಣ ಇದೆ ಅಷ್ಟೇ, ಅದು ಪ್ಲಾಸ್ಟಿಕ್ಕೇ. ಮಣ್ಣಿನಲ್ಲಿ ಕರಗುವುದಿಲ್ಲ, ಉಜ್ಜಿದರೆ ಪುಡಿಯಾಗಿ ಚರಂಡಿ ಸೇರುತ್ತದೆ. ಆ ಕೆಲಸವನ್ನೇ ಮಾಡುವ ಬಾಳೆಬುಡವನ್ನು ನಾವು ಕಸದ ಗಾಡಿಗೆ ಹಾಕುತ್ತೇವೆ.

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ನಮ್ಮ ಯಜಮಾನರ ದೊಡ್ಡಮ್ಮನೂ ಇದ್ದರು. ಮೇಜಿನ ಹತ್ತಿರ ನಿಂತು ಎರಡು ಸಲ ನೋಡಿದರು. "ಎಲ್ಲಿ ತರಿಸಿದ್ದು? ಎಷ್ಟಾಯ್ತು?" ಅಂದರು. "ನಾನೇ ಮಾಡಿದ್ದು ದೊಡ್ಡಮ್ಮ, 60 ರೂಪಾಯಿ" ಅಂದೆ, ಸ್ವಲ್ಪ ಜಂಬದಿಂದಲೇ. ಅವರು ಹಿಂದೆ ಮುಂದೆ ನೋಡಿ, ನನ್ನ ಕಿವಿ ಹತ್ತಿರ ಬಂದು ಹೇಳಿದರು: "ಅಷ್ಟೇ ಅಂತ ಯಾರ ಹತ್ರಾನೂ ಹೇಳ್ಬೇಡ ಕಣೆ."

ಅಷ್ಟೇ ಅಂತ ಯಾರ ಹತ್ರಾನೂ ಹೇಳ್ಬೇಡ. ಅವತ್ತಿನಿಂದ ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ನಿಂತಾಗ ಇದೇ ಮಾತು. ಅವರ ದನಿಯಲ್ಲಿ ತಿರಸ್ಕಾರ ಇರಲಿಲ್ಲ, ಅದೇ ಕಷ್ಟ. ನಿಜವಾಗಿ ನನ್ನ ಮರ್ಯಾದೆ ಕಾಪಾಡಲು ಹೇಳಿದರು. ದೊಡ್ಡಮ್ಮ ಕೆಟ್ಟವರಲ್ಲ, ಕೈ ಧಾರಾಳ, ಕಷ್ಟ ಅಂದರೆ ಮೊದಲು ಬರುವವರು. ಆದರೆ ಅವರ ಮನೆಗೆ ಹೋದರೆ ಕಾಫಿಗೆ ಮೊದಲು ರೇಟು ಬರುತ್ತದೆ. ಈ ಸಲ ಲಕ್ಷ್ಮಿಯ ಹಿಂದೆ ಡೆಕೊರೇಟರ್ ಕಟ್ಟಿದ ಪರದೆಗೆ ಎಷ್ಟಾಯಿತು ಅಂತ ನಾನು ಚಪ್ಪಲಿ ಬಿಡುವ ಮೊದಲೇ ಗೊತ್ತಾಗಿತ್ತು. ಡೆಕೊರೇಟರ್ ಹತ್ತಿರ ಒಂದು ರೂಪಾಯಿ ಚೌಕಾಸಿ ಇಲ್ಲ, ಫುಟ್‌ಪಾತಿನಲ್ಲಿ ಮಳೆಗೆ ಪ್ಲಾಸ್ಟಿಕ್ ಹೊದ್ದು ಕೂತ ಹೂವಿನವಳ ಹತ್ತಿರ ಮೊಳಕ್ಕೆ ಐದು ರೂಪಾಯಿ ಕಮ್ಮಿ ಮಾಡಿಸುತ್ತಾರೆ. ಅವರೊಬ್ಬರೇ ಅಲ್ಲ ಬಿಡಿ, ನಾವೆಲ್ಲ ಹಾಗೇ.

ಇದೇ ದೊಡ್ಡಮ್ಮ ಹೇಳಿದ ಕಥೆಗಳಲ್ಲಿ ಮೇಜೇ ಇರುವುದಿಲ್ಲ. ಪಂಕ್ತಿ ಊಟ, ಎಲೆಯ ಸುತ್ತ ರಂಗೋಲಿ, ಸಾಲಿನ ನಡುವೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಅದು ಅಲಂಕಾರವೇ ಅಲ್ವಾ? ಅದಕ್ಕೆ ಎಷ್ಟಾಯಿತು ಅಂತ ಯಾರೂ ಕೇಳಿರಲಿಕ್ಕಿಲ್ಲ. ಹೂವು ಕಟ್ಟುತ್ತಿದ್ದುದೂ ಬಾಳೆನಾರಿನಲ್ಲೇ, ದಾರಕ್ಕೆ ದುಡ್ಡು ಕೊಡುವುದೇ ದಂಡ ಅನ್ನುತ್ತಿದ್ದ ಕಾಲ. ಆಗ ಉಳಿಸಿದ್ದನ್ನು ಹತ್ತು ಜನಕ್ಕೆ ಹೇಳಿಕೊಂಡು ಖುಷಿಪಡುತ್ತಿದ್ದರು. ಈಗ ಉಳಿಸಿದರೆ ಬಾಗಿಲು ಹಾಕಿಕೊಂಡು ಹೇಳಬೇಕು.

ನಾನಂತೂ ಅವತ್ತೇ ಮಾತು ಮೀರಿದೆ. ಮನೆಕೆಲಸಕ್ಕೆ ಬರುವಾಕೆ ತಾಂಬೂಲ ತಗೊಳ್ಳುವಾಗ ಮೇಜಿನ ಕಡೆ ನೋಡಿ ಸುಮ್ಮನೆ ನಿಂತಳು. ಕೇಳಲೋ ಬೇಡವೋ ಅನ್ನುವ ಮುಖ. 60 ರೂಪಾಯಿ ಅಂದ ಕೂಡಲೇ ಮಾತು ಶುರುವಾಯಿತು: ಕಡ್ಡಿ ಯಾವುದು, ಎಷ್ಟುದ್ದ, ದೀಪ ಇಟ್ಟರೆ ಬುಡ ಸುಡಲ್ವಾ. ಮಾರನೇ ದಿನ ಅವಳ ಮೊಬೈಲಿನಲ್ಲಿ ಫೋಟೋ ಇತ್ತು, ಟಿವಿ ಸ್ಟ್ಯಾಂಡಿನ ಮೇಲೆ ಎರಡು ಬಾಳೆಬುಡ. ಅವಳು ಚೆಂಡುಹೂವಿನ ನಡುವೆ ಹಸಿರು ಮೆಣಸಿನಕಾಯಿ ಚುಚ್ಚಿದ್ದಳು, ನನಗೆ ಹೊಳೆದಿರಲಿಲ್ಲ ನೋಡಿ. ಎರಡು ಸಾವಿರ ಅಂದಿದ್ದರೆ "ಚೆನ್ನಾಗಿದೆ ಅಕ್ಕ" ಅಂದು ಹೋಗುತ್ತಿದ್ದಳು. ರೇಟು ಹೇಳಿದ್ದಕ್ಕೇ ಅದು ಇನ್ನೊಂದು ಮನೆಗೆ ಹೋಯಿತು.

ನಿನ್ನೆ ದೊಡ್ಡಮ್ಮನ ಫೋನ್. ಮೊಮ್ಮಗುವಿನ ನಾಮಕರಣವಂತೆ, ಊಟದ ಮೇಜುಗಳಿಗೆ ಅಂಥದ್ದೇ ಆರು ಮಾಡಿಕೊಡ್ತೀಯಾ ಅಂದರು. ಆಯ್ತು ಅಂದೆ. ಸ್ವಲ್ಪ ತಡೆದು, "ಯಾರಾದ್ರೂ ಕೇಳಿದ್ರೆ ಡೆಕೊರೇಟರ್ ಮಾಡಿದ್ದು ಅಂತೀನಿ, ಬೇಜಾರಿಲ್ಲ ತಾನೇ?" ಅಂದರು. ನಗು ಬಂತು. ಬೇಜಾರಿಲ್ಲ ದೊಡ್ಡಮ್ಮ, ಬಾಳೆಬುಡ ಎಸೀಬೇಡಿ ಅಂತ ಅಡುಗೆಯವರಿಗೆ ಹೇಳಿಡಿ, ಮೂರು ಕೆಜಿ ಚೆಂಡುಹೂವು ತರಿಸಿ, ಪೊರಕೆ ಮಾತ್ರ ನಾನೇ ತರ್ತೀನಿ ಅಂದೆ. "ಪೊರಕೆ ಯಾಕೆ?" ಅಂದರು.